ಟೈಪಕ್ಕನ ಕೆಂಪು ಪಟ್ಟಿ

ನಮ್ಮ ಆಫೀಸಿನಲ್ಲಿ ಹನ್ನೊಂದು ಕಂಪ್ಯೂಟರು, ಹನ್ನೊಂದು ಕುರ್ಚಿ. ಹತ್ತು ಕುರ್ಚಿಯವರು ಟೈಪು ಮಾಡುವಾಗ ಪರದೆ ನೋಡುತ್ತಾರೆ. ಕಿಟಕಿ ಪಕ್ಕದ ಹನ್ನೊಂದನೆಯ ಕುರ್ಚಿಯವಳು ನೋಡುವುದಿಲ್ಲ. ಅವಳೇ ಟೈಪಕ್ಕ. ಅವಳಿಗೆ ಬೇರೆ ಹೆಸರೊಂದು ಹಾಜರಿ ಪುಸ್ತಕದಲ್ಲಿದೆ, ಆದರೆ ಅದನ್ನು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ನಾನು ಅವಳ ಎದುರು ಮೇಜಿನವಳು, ಕರಡು ತಿದ್ದುವವಳು. ಟೈಪಿನವರು ಹೊಡೆದದ್ದನ್ನು ಕಾಗದಕ್ಕಿಳಿಸಿ ನನ್ನ ಮುಂದೆ ಹಾಕುತ್ತಾರೆ, ನಾನು ಮೂಲದ ಜೊತೆ ಇಟ್ಟು ನೋಡಿ ತಪ್ಪಿಗೆ ಸುತ್ತು ಹಾಕುತ್ತೇನೆ. ಇಪ್ಪತ್ತು ವರ್ಷ ಕಂಡವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವಳಾದ್ದರಿಂದ ನನ್ನ ನಾಲಿಗೆ ಸ್ವಲ್ಪ ಚೂಪು ಎಂದು ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ಅದೇ ನಾಲಿಗೆಯಿಂದ ಹೇಳುತ್ತೇನೆ: ಟೈಪಕ್ಕನ ಹಾಗೆ ಟೈಪು ಮಾಡುವವರನ್ನು ನಾನು ಕಂಡಿಲ್ಲ.

ಅವಳು ಕಲಿತದ್ದು ಹದಿನೇಳನೆಯ ವಯಸ್ಸಿನಲ್ಲಿ, ಸೈಕಲ್ ಅಂಗಡಿಯ ಮೇಲಿನ ಒಂದು ಟೈಪಿಂಗ್ ಶಾಲೆಯಲ್ಲಿ. ಅಲ್ಲಿನ ಮೇಷ್ಟ್ರು ಮಕ್ಕಳ ಕೈ ಮೇಲೆ ಒಂದು ಟವೆಲ್ಲು ಹೊದಿಸಿಬಿಡುತ್ತಿದ್ದರಂತೆ. ಟವೆಲ್ಲು ಎತ್ತಿ ಕೀಲಿ ನೋಡಿದವರಿಗೆ ಬೆರಳ ಗೆಣ್ಣಿಗೇ ಸ್ಕೇಲಿನ ಏಟು. "ಕಣ್ಣು ಕಾಗದದ್ದು, ಕೈ ಮಿಷನ್ನಿಂದು. ಒಂದರ ಮನೆಗೆ ಇನ್ನೊಂದು ಹೋಗಬಾರದು" ಎನ್ನುವುದು ಆ ಮೇಷ್ಟ್ರ ಮಾತು. ಅವಳು ಅದನ್ನು ಮೂವತ್ತನಾಲ್ಕು ವರ್ಷ ಪಾಲಿಸಿದಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಕಣ್ಣು ಕಾಗದ ಬಿಟ್ಟು ಕದಲಲಿಲ್ಲ. ತಪ್ಪು ಕೀಲಿ ಬಿದ್ದರೆ ಅವಳಿಗೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತಿತ್ತು. ಅಲ್ಲಿಂದಲೇ ಎರಡು ಅಕ್ಷರ ಹಿಂದೆ ಹೋಗಿ, ಅಳಿಸಿ, ಸರಿ ಮಾಡಿ ಮುಂದಕ್ಕೆ ಹೋಗುವಳು.

ಹೊಡೆದದ್ದರ ಅರ್ಥ ಮಾತ್ರ ಅವಳಿಗೆ ಬೇಕಿರಲಿಲ್ಲ. ಒಮ್ಮೆ ಡಾಕ್ಟರೊಬ್ಬರ ದೊಡ್ಡ ಪ್ರಬಂಧ ಮುಗಿಸಿದಾಗ, "ಅದರಲ್ಲಿ ಏನಿತ್ತಕ್ಕಾ?" ಎಂದು ಕೇಳಿದೆ. ಅವಳು ಯೋಚಿಸಿ, "ನೂರಾ ಎಂಬತ್ತು ಪುಟ ಇತ್ತು" ಎಂದಳು.

ಹೋದ ವರ್ಷ ನಮಗೆ ಒಂದು ಹಳೆಯ ಗ್ರಂಥಾಲಯದ ಕೆಲಸ ಬಂತು. ಒಂಬತ್ತು ಲಕ್ಷ ಕಾರ್ಡುಗಳು, ಒಂದೊಂದರಲ್ಲಿ ಒಂದು ಪುಸ್ತಕದ ಹೆಸರು, ಬರೆದವರ ಹೆಸರು, ಕಪಾಟಿನ ಸಂಖ್ಯೆ, ಎಲ್ಲ ಕೈಬರಹದಲ್ಲಿ. ಅವರ ಯಂತ್ರ ಬಣ್ಣಬೆಡಗಿಲ್ಲದ ಬರಿಯ ಪಠ್ಯವನ್ನು ಮಾತ್ರ ಓದುತ್ತದಂತೆ, ಹಾಗಾಗಿ ಎಲ್ಲರ ಕಂಪ್ಯೂಟರಿಗೂ ಒಂದು ಸಾದಾ ಎಡಿಟರ್ ಹಾಕಿಕೊಟ್ಟರು. ಬಿಳಿ ಪರದೆ, ಕರಿ ಅಕ್ಷರ, ಅಡಿಯಲ್ಲಿ ಬೆರಳಗಲದ ಒಂದು ಬೂದು ಪಟ್ಟಿ. ಅದರ ಹೆಸರು ಸ್ಟೇಟಸ್ ಬಾರ್. ಎಷ್ಟನೆಯ ಸಾಲು, ಎಷ್ಟನೆಯ ಅಕ್ಷರ, ಯಾವ ಭಾಷೆ ಎಂದು ಏನೇನೋ ಇರುವೆ ಸಾಲಿನಂಥ ಅಕ್ಷರದಲ್ಲಿ ಅಲ್ಲಿ ಬರುತ್ತಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಟೈಪಕ್ಕನಿಗಂತೂ ಅದು ಕಾಣುತ್ತಲೇ ಇರಲಿಲ್ಲ, ಏಕೆಂದರೆ ಕಾರ್ಡು ನಿಲ್ಲಿಸಲು ಅವಳ ಗಂಡ ಮಾಡಿಕೊಟ್ಟಿದ್ದ ಮರದ ಸ್ಟ್ಯಾಂಡು ಪರದೆಯ ಬುಡಕ್ಕೆ ಒರಗಿ ಆ ಪಟ್ಟಿಯನ್ನು ಪೂರ್ತಿ ಮುಚ್ಚಿತ್ತು.

ಆರು ತಿಂಗಳು ಕೆಲಸ ನೀರು ಹರಿದ ಹಾಗೆ ಸಾಗಿತು. ಆಮೇಲೆ ಹೊಸ ಕೀಬೋರ್ಡುಗಳು ಬಂದವು. ಚಿಕ್ಕವು, ಚಂದವಾದವು, ಬಾಡಿಗೆಯವು. ಅದಾದ ಒಂದು ವಾರಕ್ಕೆ ನನ್ನ ಮುಂದೆ ಒಂದು ಸಾಲು ಬಂತು: "ಮಕ್ಕಳ ಹಲ್ಲಿನ". ಅಷ್ಟೇ. ಮಕ್ಕಳ ಹಲ್ಲಿನ ಏನು? ಕಾರ್ಡು ತೆಗೆದು ನೋಡಿದರೆ "ಮಕ್ಕಳ ಹಲ್ಲಿನ ಆರೈಕೆ". ಹಾಳೆಯ ಮೇಲೆ ಯಾರದ್ದೆಂದು ನೋಡಿದೆ. ಟೈಪಕ್ಕನದು. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದೆ. ಆ ವಾರದಲ್ಲಿ ಅಂಥವು ಹನ್ನೆರಡು, ಮುಂದಿನ ವಾರ ಹತ್ತೊಂಬತ್ತು. ಎಲ್ಲೋ ಒಂದು ಪದದ ಬಾಲ ಇಲ್ಲ, ಎಲ್ಲೋ ಬರೆದವರ ಹೆಸರಿನ ತಲೆಯೇ ಇಲ್ಲ.

"ಅಕ್ಕಾ, ಇದೇನು?"

ಅವಳು ಹಾಳೆ ನೋಡಿದಳು, ಕಾರ್ಡು ನೋಡಿದಳು. "ನಾನು ಆರೈಕೆ ಅಂತ ಹೊಡೆದಿದೀನಿ. ಬೆರಳಿಗೆ ನೆನಪಿದೆ."

"ಬೆರಳಿಗೆ ನೆನಪಿದ್ರೆ ಹಾಳೆ ಮೇಲೆ ಯಾಕಿಲ್ಲ?"

ಆ ಮಾತು ಆಡಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಕಣ್ಣು ಚೆನ್ನಾಗಿದೆ ಎಂದರು. ಅದು ಒಳ್ಳೆಯ ಸುದ್ದಿಯಾಗಬೇಕಿತ್ತು. "ಕಣ್ಣು ಚೆನ್ನಾಗಿದೆ ಅಂದ್ರೆ ಕೆಟ್ಟಿರೋದು ತಲೆ" ಎಂದು ನನ್ನೆದುರು ಮೆಲ್ಲಗೆ ಹೇಳಿದಳು. ಅವಳ ಅಮ್ಮನಿಗೆ ಅರವತ್ತು ತುಂಬುವ ಮೊದಲೇ ಮರೆವು ಹತ್ತಿತ್ತು, ಮಗಳ ಹೆಸರೂ ಮರೆತುಹೋಗಿತ್ತು. ಟೈಪಕ್ಕನಿಗೆ ಆಗ ಐವತ್ತೊಂದು.

ನನ್ನ ಸುತ್ತುಗಳ ಲೆಕ್ಕ ಮೇಲಿನವರಿಗೆ ಹೋಗಲೇಬೇಕು. ಹೋಯಿತು. ನಮ್ಮ ಮ್ಯಾನೇಜರನ್ನು ನಾವು ಪರ್ಸೆಂಟ್ ಸಾಹೇಬರು ಎನ್ನುತ್ತೇವೆ, ಬೆಳಿಗ್ಗೆ ತಡವಾಗಿ ಬಂದವರಿಗೂ ಅವರು ಶೇಕಡಾ ಎಷ್ಟು ತಡ ಎಂದು ಹೇಳುವುದರಿಂದ. ವಯಸ್ಸು ಮೂವತ್ತೆರಡು, ಅಂಗಿಯ ಇಸ್ತ್ರಿ ಸಂಜೆಯಾದರೂ ಮುರಿಯುವುದಿಲ್ಲ. ಕೆಟ್ಟವರೇನಲ್ಲ. ಆದರೆ ಮನುಷ್ಯರನ್ನು ಲೆಕ್ಕ ಹಾಕುವ ಚಟ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ.

"ಹದಿನೈದು ದಿನ ನೋಡೋಣ ಮೇಡಂ" ಎಂದರು ಅವಳಿಗೆ. "ಕೊನೇ ಎರಡು ದಿನದ ಸಾವಿರ ಸಾಲು ತೆಗೆದು ನೋಡ್ತೀನಿ. ತಪ್ಪು ಮೂರಕ್ಕಿಂತ ಜಾಸ್ತಿ ಆದ್ರೆ ನೀವು ಹಿಂದಿನ ಕೋಣೆಗೆ ಹೋಗಿ. ಲೇಬಲ್ ಅಂಟಿಸೋದು. ಸಂಬಳ ಅಷ್ಟೇ ಇರುತ್ತೆ, ತಲೆನೋವೂ ಇರಲ್ಲ."

ಹಿಂದಿನ ಕೋಣೆ ಎಂದರೆ ಗೋಂದಿನ ಕೋಣೆ. ಕಿಟಕಿ ಇಲ್ಲ, ಒಂದು ಉದ್ದ ಮೇಜು, ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುವ ಕೆಲಸ. ಕೆಲಸದಲ್ಲಿ ಮೇಲು ಕೀಳಿಲ್ಲ ಎನ್ನುವುದು ಭಾಷಣಕ್ಕೆ ಸರಿ. ಮೂವತ್ತನಾಲ್ಕು ವರ್ಷ ಹತ್ತು ಬೆರಳಿನಿಂದ ಬದುಕಿದವಳನ್ನು ಗೋಂದಿನ ಮುಂದೆ ಕೂರಿಸಿದರೆ ಅವಳು ಒಂದು ತಿಂಗಳು ಬಾಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಕೀಬೋರ್ಡು ಬದಲಾದ ಮೇಲೆ ಹೀಗಾಗ್ತಿದೆ ಸರ್" ಎಂದಳು ಟೈಪಕ್ಕ.

ಸಾಹೇಬರು ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಮೇಡಂ. ಉಳಿದ ಹತ್ತು ಜನಕ್ಕೂ ಅದೇ ಕೀಬೋರ್ಡೇ ಅಲ್ವಾ?"

ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು ಎಂದು ಆ ಗಾದೆ ಮಾಡಿದವರು ಹೇಳಿಲ್ಲ. ನಾನು ಬಾಯಿ ತೆರೆದೆ, ಟೈಪಕ್ಕ ಮೇಜಿನ ಕೆಳಗಿಂದ ನನ್ನ ಕಾಲು ತುಳಿದಳು, ಮುಚ್ಚಿದೆ.

ಮೂರನೆಯ ದಿನ ಕಾರ್ಡಿನ ಪೆಟ್ಟಿಗೆ ತಗುಲಿ ಸ್ಟ್ಯಾಂಡು ಉರುಳಿತು. ಅವಳು ಬಗ್ಗಿ ಎತ್ತಿಕೊಂಡು ಮತ್ತೆ ಇಡುವಾಗ ಮೊದಲ ಬಾರಿಗೆ ಆ ಬೂದು ಪಟ್ಟಿಯನ್ನು ಕಂಡಳು. ಸ್ಟ್ಯಾಂಡನ್ನು ಕೈಯಲ್ಲೇ ಹಿಡಿದು, "ಇಲ್ಲಿ ಬಾ. ಇದೆಲ್ಲ ಏನು?" ಎಂದು ನನ್ನನ್ನು ಕರೆದಳು. ಹದಿನಾಲ್ಕು ಬಗೆಯ ಸೂಚನೆಗಳಿದ್ದವು, ಎಣಿಸಿದೆವು. ಬಲದ ತುದಿಯಲ್ಲಿ ಮೂರು ಇಂಗ್ಲಿಷ್ ಅಕ್ಷರ: ಓ, ವಿ, ಆರ್.

ಕಂಪ್ಯೂಟರ್ ರಿಪೇರಿಗೆ ಬರುವ ಸರ್ವಿಸಿನವನನ್ನು ಕೇಳಿದೆವು. ಅವನು ಬಾಗಿಲಲ್ಲೇ ನಿಂತು ಹೇಳಿದ: "ಓವರ್‌ಟೈಪ್ ಮೇಡಂ. ಇನ್ಸರ್ಟ್ ಕೀ ಒತ್ತಿದ್ರೆ ಬರುತ್ತೆ. ಆಮೇಲೆ ನೀವು ಹೊಡೆದ ಹೊಸ ಅಕ್ಷರ ಮುಂದಿರೋ ಹಳೇ ಅಕ್ಷರನ ತಿಂದು ಹಾಕುತ್ತೆ."

ಟೈಪಕ್ಕ ಕೀಬೋರ್ಡಿನ ಮೇಲೆ ಬಗ್ಗಿದಳು. ಹಳೆಯದರಲ್ಲಿ ಇನ್ಸರ್ಟ್ ಎಲ್ಲೋ ದೂರದಲ್ಲಿತ್ತು. ಹೊಸದರಲ್ಲಿ ಅಳಿಸುವ ಕೀಲಿಯ ಪಕ್ಕಕ್ಕೆ ಅಂಟಿಕೊಂಡಿತ್ತು. ಅಳಿಸಲು ಹೋದ ಕಿರುಬೆರಳು ಒಂದು ಕೂದಲೆಳೆ ಸರಿದರೆ ಸಾಕು, ಆಮೇಲೆ ಬಿಟ್ಟುಹೋದ ಪದವನ್ನು ಹಿಂದೆ ಹೋಗಿ ನಡುವೆ ಸೇರಿಸಿದರೆ ಅದು ಮುಂದಿನ ಪದವನ್ನು ನುಂಗುತ್ತಿತ್ತು. ಉಳಿದ ಹತ್ತು ಜನರಿಗೂ ಹಾಗೇ ಆಗುತ್ತಿತ್ತು, ಆದರೆ ಅವರು ಪರದೆ ನೋಡುತ್ತ ಹೊಡೆಯುವವರು, ಅಕ್ಷರ ಮಾಯವಾದದ್ದು ಕಂಡು ಗೊಣಗಿ ಸರಿ ಮಾಡಿಕೊಳ್ಳುತ್ತಿದ್ದರು. ಪರದೆ ನೋಡದೆ ಹೊಡೆಯುವುದು ಯಾರ ಹೆಮ್ಮೆಯೋ ಅವಳಿಗೇ ಪೆಟ್ಟು ಬಿದ್ದಿತ್ತು. ಅವಳು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟಳು. "ತಲೆ ಕೆಟ್ಟಿಲ್ಲ" ಎಂದಳು. ಇಬ್ಬರಿಗೂ ಕಣ್ಣು ತುಂಬಿ ಬಂತು, ಸರ್ವಿಸಿನವನು ಗಾಬರಿಯಾಗಿ ಹೊರಟುಹೋದ.

ಕೀಲಿಯನ್ನೇ ಕಿತ್ತು ಹಾಕೋಣ ಎಂದೆ. ಬಾಡಿಗೆ ಮಾಲು, ಒಂದು ಕೀಲಿಯೂ ಕಡಿಮೆಯಾಗಬಾರದು ಎಂದರು ಸಾಹೇಬರು. ಮೇಲೆ ರಟ್ಟು ಅಂಟಿಸೋಣ ಎಂದೆ. ಟೈಪಕ್ಕ ಒಪ್ಪಲಿಲ್ಲ. "ಇದನ್ನ ಮುಚ್ಚಿದ್ರೆ ಇದೊಂದೇ ನಿಲ್ಲುತ್ತೆ. ನಾಳೆ ಭಾಷೆ ತಾನಾಗೇ ಬದಲಾಗುತ್ತೆ, ನಾಡಿದ್ದು ಇನ್ನೊಂದು. ಅದು ಹೇಳ್ತಾನೇ ಇದೆಯಲ್ಲ, ನಾನು ಕೇಳಿಸ್ಕೋಬೇಕು" ಎಂದು ಸ್ಟ್ಯಾಂಡನ್ನು ಎಡಕ್ಕೆ ಸರಿಸಿ ಕೂತಳು. ಪಟ್ಟಿ ಈಗ ಸ್ಪಷ್ಟವಾಗಿ ಕಾಣುತ್ತಿತ್ತು.

ಕಾಣುತ್ತಿತ್ತು, ಅಷ್ಟೇ. ವಾರದ ಕೊನೆಗೆ ನಾನು ಮತ್ತೆ ಹದಿನಾಲ್ಕು ಸುತ್ತು ಹಾಕಿದೆ. ಹದಿನಾಲ್ಕು ಸೂಚನೆಗಳ ನಡುವೆ ಮೂರು ಸಣ್ಣ ಬೂದು ಅಕ್ಷರ ಮೂಡಿದರೆ ಕಾರ್ಡು ನೋಡುವ ಕಣ್ಣಿಗೆ ಅದು ಹೇಗೆ ತಾಕೀತು? ಪರದೆ ನೋಡಿಕೊಂಡೇ ಹೊಡೆಯಲು ಒಂದು ದಿನ ಪ್ರಯತ್ನಿಸಿದಳು. ಮೂವತ್ತನಾಲ್ಕು ವರ್ಷದ ಕೈ ತೊದಲಿತು. ಮಧ್ಯಾಹ್ನದ ಹೊತ್ತಿಗೆ ಅವಳ ಕುತ್ತಿಗೆ ಹಿಡಿದುಕೊಂಡಿತ್ತು, ಸಾಲು ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಭಾನುವಾರ ಅವಳ ಮನೆಗೆ ಹೋದೆ. ಅವಳ ಗಂಡ ಬಸ್ಸಿನ ಡ್ರೈವರ್. ಮಾತು ಕಡಿಮೆ, ಆಡಿದರೆ ಬಸ್ಸಿನದೇ. ಅವಳು ಹಾಳೆಯ ಮೇಲೆ ಆ ಪಟ್ಟಿಯ ಚಿತ್ರ ಬಿಡಿಸಿ ಹದಿನಾಲ್ಕನ್ನೂ ಅವನಿಗೆ ತೋರಿಸಿದಳು.

"ನೀವು ಬಸ್ಸು ಓಡಿಸುವಾಗ ಮುಂದಿರೋ ಮೀಟರುಗಳನ್ನೆಲ್ಲ ನೋಡ್ತಾ ಕೂರ್ತೀರೇನ್ರೀ?"

"ಅದನ್ನ ನೋಡ್ತಾ ಕೂತ್ರೆ ರೋಡ್ ಯಾರು ನೋಡ್ತಾರೆ?" ಎಂದ ಅವನು. "ಎಲ್ಲ ಸರಿ ಇದ್ರೆ ಅಲ್ಲಿ ಏನೂ ಉರಿಯಲ್ಲ, ಕತ್ತಲೆ. ಆಯಿಲ್ ಕಡಿಮೆ ಆದ್ರೆ ಕೆಂಪು ದೀಪ ಹತ್ತುತ್ತೆ. ಆಗ ನಾನು ನೋಡಬೇಕಾಗಿಲ್ಲ, ಕಣ್ಣೇ ಹೋಗುತ್ತೆ. ಯಾವಾಗಲೂ ಹದಿನಾಲ್ಕು ದೀಪ ಉರೀತಿದ್ರೆ ಅದು ದೀಪ ಅಲ್ಲ, ಅಲಂಕಾರ."

ಟೈಪಕ್ಕ ಪೆನ್ನು ತೆಗೆದುಕೊಂಡು ಹದಿನಾಲ್ಕರಲ್ಲಿ ಹನ್ನೊಂದನ್ನು ಅಡ್ಡ ಹೊಡೆದಳು. ಗಂಡನ ಮುಖವನ್ನು ಹೊಸದಾಗಿ ನೋಡಿದ ಹಾಗೆ ನೋಡಿ, "ಇಪ್ಪತ್ತಾರು ವರ್ಷಕ್ಕೆ ಒಂದು ಒಳ್ಳೆ ಮಾತು ಆಡಿದ್ರಿ" ಎಂದಳು. ಅವನು ಇನ್ನೊಂದು ಲೋಟ ಚಹಾ ಕೇಳಿದ.

ಸೋಮವಾರ, ಪಟ್ಟಿಯನ್ನು ಬಸ್ಸಿನ ದೀಪದ ಹಾಗೆ ಮಾಡಲಾಗುತ್ತದೆಯೇ ಎಂದು ಕೇಳಿದರೆ ಸರ್ವಿಸಿನವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ಆಗುತ್ತೆ ಅಂತಲೂ ಅಂದ, ಆಗಲ್ಲ ಅಂತಲೂ ಅಂದ. "ಅದಕ್ಕೆ ಸೆಟ್ಟಿಂಗ್ಸ್ ಫೈಲ್ ಬದಲಾಯಿಸಬೇಕು ಮೇಡಂ. ಅದೆಲ್ಲ ನಿಮಗೆ ಯಾಕೆ? ಬರೀ ಸಾಲು ಸಾಲಾಗಿ ಬರವಣಿಗೆ. ಒಂದು ಕಾಮಾ ತಪ್ಪಿದ್ರೆ ಎಲ್ಲ ಕೆಟ್ಟುಹೋಗುತ್ತೆ."

"ಸಾಲು ಸಾಲಾಗಿ ಬರವಣಿಗೆನಾ?"

"ಹೂಂ."

"ಕಾಮಾ ತಪ್ಪಬಾರದಾ?"

"ಒಂದೂ ತಪ್ಪಬಾರದು."

"ಅದಕ್ಕೆ ಟೈಪಿಂಗ್ ಅಂತಾರಪ್ಪ" ಎಂದಳು ಟೈಪಕ್ಕ. "ಆ ಎಡಿಟರಿನ ಸಹಾಯದ ಪುಟಗಳಿದ್ರೆ ಕಾಗದದ ಮೇಲೆ ತೆಗೆದುಕೊಡು. ನನಗೆ ಕಾಗದ ಬೇಕು."

ಒಂಬತ್ತು ಪುಟ ಬಂದವು, ಎಲ್ಲ ಇಂಗ್ಲಿಷಿನಲ್ಲಿ. ನಾಲ್ಕು ದಿನ ಮಧ್ಯಾಹ್ನದ ಬಿಡುವಿನಲ್ಲಿ ನಾವಿಬ್ಬರೂ ಊಟದ ಡಬ್ಬಿ ಪಕ್ಕಕ್ಕಿಟ್ಟು ಆ ಪುಟಗಳನ್ನು ಹಿಡಿದು ಕೂತೆವು. ಅವಳು ಹೊಡೆಯುವಳು, ನಾನು ಪುಟದ ಜೊತೆ ಅಕ್ಷರಕ್ಕಕ್ಷರ ಹೋಲಿಸುವೆನು. ನಮ್ಮಿಬ್ಬರ ಜೀವಮಾನದ ವಿದ್ಯೆ ಅದೇ ಅಲ್ಲವೇ? ಆದರೆ ಮೊದಲ ದಿನವೇ ಪಟ್ಟಿ ಪೂರ್ತಿ ಮಾಯವಾಯಿತು. ಕಾಮಾ ತಪ್ಪಿರಲಿಲ್ಲ, ನಾನು ಮೂರು ಸಲ ನೋಡಿದೆ. ಪುಟದಲ್ಲಿದ್ದುದನ್ನು ಇದ್ದ ಹಾಗೆಯೇ ಹೊಡೆದಿದ್ದಳು, ಅಲ್ಲೇ ತಪ್ಪಾಗಿತ್ತು. ಆ ಪುಟ ಉದಾಹರಣೆಗೆಂದು ಪಟ್ಟಿಯನ್ನೇ ಅಡಗಿಸುವುದು ಹೇಗೆಂದು ಹೇಳಿಕೊಡುತ್ತಿತ್ತು.

ಅವಳು ಕೈ ಕಟ್ಟಿ ಕೂತಳು. "ಅರ್ಥ ಓದಬೇಕು ಕಣೇ" ಎಂದಳು, ಯಾರೋ ದೊಡ್ಡ ದಂಡ ಹಾಕಿದ ಹಾಗೆ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಟೈಪಕ್ಕ ತಾನು ಹೊಡೆಯುವುದನ್ನು ಓದಿದಳು. ನಿಘಂಟು ತಂದಳು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು: ಇದು ತೋರಿಸು, ಇದು ಅಡಗಿಸು, ಇದು ಬಣ್ಣ, ಇದು "ಹೀಗಾದರೆ ಮಾತ್ರ". ಆ ಕೊನೆಯದನ್ನು ಕಂಡುಕೊಂಡ ದಿನ ಮೇಜು ಕುಟ್ಟಿದಳು. "ಹೀಗಾದರೆ ಮಾತ್ರ! ಇದೇ ಅಲ್ವಾ ನಮ್ಮ ಯಜಮಾನರು ಹೇಳಿದ್ದು?"

ನಾಲ್ಕನೆಯ ದಿನಕ್ಕೆ ಪಟ್ಟಿ ಬರಿದಾಗಿತ್ತು. ಎಷ್ಟನೆಯ ಅಕ್ಷರ ಎನ್ನುವ ಒಂದು ಸಂಖ್ಯೆ ಬಿಟ್ಟರೆ ಏನೂ ಇಲ್ಲ, ಅದನ್ನೂ ದಪ್ಪ ಮಾಡಿದ್ದಳು. ಭಾಷೆ ಬದಲಾದರೆ ಪಟ್ಟಿ ಪೂರ್ತಿ ಹಳದಿ. ಇನ್ಸರ್ಟ್ ಒತ್ತಿದರೆ ಪೂರ್ತಿ ಕೆಂಪು, ಆ ಕೆಂಪಿನ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಮಾತು. ಓ, ವಿ, ಆರ್ ಎಂಬುದರ ಬದಲು ಏನು ಬೇಕಾದರೂ ಬರೆಯಬಹುದೆಂದು ಏಳನೆಯ ಪುಟದಲ್ಲಿತ್ತು. ಅವಳು ತನಗೆ ತಾನೇ ಬರೆದುಕೊಂಡಿದ್ದಳು: "ಅಕ್ಕಾ, ಕೈ ತೆಗಿ. ತಿಂತಿದೀಯ."

ಕೊನೆಯ ಎರಡು ದಿನ ಅವಳು ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಳೆ ಬಿದ್ದ ಹಾಗೆ ಸದ್ದು. ಕಣ್ಣು ಕಾರ್ಡಿನ ಮೇಲೇ ಇರುತ್ತಿತ್ತು. ದಿನಕ್ಕೆ ಏಳೆಂಟು ಸಲ ಕೆಂಪು ಮೂಡುತ್ತಿತ್ತು, ಕಣ್ಣು ಹೋಗುವ ಮೊದಲೇ ಕೈ ನಿಲ್ಲುತ್ತಿತ್ತು. ಇನ್ಸರ್ಟ್ ಒಮ್ಮೆ ಒತ್ತಿ ಬೂದು ಬಣ್ಣಕ್ಕೆ ತಂದು ಮತ್ತೆ ಮಳೆ.

ಸಾವಿರ ಸಾಲು ನನ್ನ ಮುಂದೆ ಬಂತು. ಪರ್ಸೆಂಟ್ ಸಾಹೇಬರು ಕೈಗಡಿಯಾರ ನೋಡಿಕೊಳ್ಳುತ್ತ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ನಾನು ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಓದಿದೆ. ನಾನೂರು ದಾಟಿತು, ಒಂದೂ ಇಲ್ಲ. ಏಳುನೂರು ದಾಟಿತು. ಎಂಟುನೂರ ಹನ್ನೆರಡನೆಯ ಸಾಲಿನಲ್ಲಿ ಕಪಾಟಿನ ಸಂಖ್ಯೆ ೪೬ ಇರಬೇಕಾದಲ್ಲಿ ೬೪ ಎಂದಿತ್ತು.

ಪೆನ್ನು ನಿಂತಿತು. ಮೂರರವರೆಗೆ ಮಾಫಿ ಇದೆ, ಹಾಕಿದರೂ ಏನಾಗುವುದಿಲ್ಲ ಎಂದು ಗೊತ್ತು. ಆದರೂ ಮುಂದಿನ ನೂರ ಎಂಬತ್ತೆಂಟು ಸಾಲಿನಲ್ಲಿ ಏನಿದೆಯೋ ಯಾರಿಗೆ ಗೊತ್ತು? ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಂಡೂ ಕಾಣದ ಹಾಗೆ ಮುಂದೆ ಹೋಗಲು ಮನಸ್ಸಾಯಿತು. ಎದುರು ಮೇಜಿನಿಂದ ಟೈಪಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು.

"ಹಾಕು" ಎಂದಳು. "ಅದೊಂದನ್ನ ನೀನು ಬಿಟ್ಟುಬಿಟ್ರೆ, ಉಳಿದಿದ್ದನ್ನ ಯಾರು ನಂಬ್ತಾರೆ?"

ಸುತ್ತು ಹಾಕಿದೆ. ಮುಂದೆ ಕೊನೆಯವರೆಗೆ ಇನ್ನೊಂದು ಸಿಗಲಿಲ್ಲ. ಸಾವಿರಕ್ಕೆ ಒಂದು.

ಸಾಹೇಬರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಎರಡು ವಾರದಲ್ಲಿ ಹತ್ತೊಂಬತ್ತರಿಂದ ಒಂದಕ್ಕೆ? ಇಬ್ಬರೂ ಎದುರುಬದುರು ಕೂರೋರು..." ಎಂದು ರಾಗ ಎಳೆದರು.

ನಾನು ಎದ್ದು ನಿಲ್ಲುವ ಮೊದಲೇ ಟೈಪಕ್ಕ ಎದ್ದಳು. ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದು, "ಕೂತ್ಕೊಳ್ಳಿ ಸರ್. ಕಾರ್ಡು ಅಲ್ಲಿದೆ. ನೀವೇ ಹತ್ತು ಹೊಡೆದು ನೋಡಿ. ಪರದೆ ನೋಡದೆ ಹೊಡೀಬೇಕು" ಎಂದಳು.

ಉಳಿದ ಹತ್ತು ಕೀಬೋರ್ಡುಗಳ ಸದ್ದೂ ನಿಂತುಹೋಯಿತು. ಸಾಹೇಬರಿಗೆ ಬೇರೆ ದಾರಿ ಇರಲಿಲ್ಲ. ಕೂತರು, ಕಫ್ ಮಡಿಚಿದರು, ಹೊಡೆಯತೊಡಗಿದರು. ಕೆಟ್ಟದಾಗಿ ಹೊಡೆಯುತ್ತಿರಲಿಲ್ಲ. ಮೊದಲ ಕಾರ್ಡು ಆಯಿತು, ಎರಡನೆಯದಾಯಿತು. ಮೂರನೆಯದರಲ್ಲಿ ಒಂದು ಪದ ಬಿಟ್ಟುಹೋಯಿತೆಂದು ಹಿಂದಕ್ಕೆ ಹೋದರು, ಕಿರುಬೆರಳು ಚಾಚಿದರು, ಅಳಿಸಿದರು, ಹೊಡೆದರು.

ಪಟ್ಟಿ ಕೆಂಪಾಯಿತು. ಆ ಅಗಲ ಕೆಂಪು ಬಾಗಿಲ ಬಳಿ ನಿಂತವರಿಗೂ ಕಾಣಿಸಿತು. ಅದರ ಮೇಲೆ ಬಿಳಿಯ ಅಕ್ಷರ.

ಸಾಹೇಬರು ಅದನ್ನು ಗಟ್ಟಿಯಾಗಿಯೇ ಓದಿಬಿಟ್ಟರು. "ಅಕ್ಕಾ, ಕೈ ತೆಗಿ. ತಿಂತಿದೀಯ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು, ಅಷ್ಟೇ, ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡಿತು. ನಾನಂತೂ ಮೇಜಿನ ಮೇಲೆ ತಲೆ ಇಟ್ಟು ನಕ್ಕೆ, ನಗುತ್ತಲೇ ಅತ್ತೆ. ಸಾಹೇಬರು ಕಿವಿಯವರೆಗೆ ಕೆಂಪಾಗಿ ಕೈ ತೆಗೆದರು. ಮೇಲಿನ ಸಾಲು ನೋಡಿದರು. ಪುಸ್ತಕದ ಹೆಸರಿನ ಅರ್ಧವನ್ನು ಅವರೇ ತಿಂದಿದ್ದರು. ಆಮೇಲೆ ಅವರು ಕೂಡ ನಕ್ಕರು, ಅದಕ್ಕೆ ಅವರಿಗೆ ನನ್ನ ಒಂದು ನಮಸ್ಕಾರ.

"ಹೋದ ತಿಂಗಳು ಹೆಡ್ ಆಫೀಸಿಗೆ ನಾನು ಕಳಿಸಿದ ಪತ್ರದಲ್ಲೂ ಹೀಗೇ ಅರ್ಧ ಸಾಲು ಇರಲಿಲ್ಲ" ಎಂದರು. "ನೀವು ಹೇಳಿದ್ದು ಸರಿ ಮೇಡಂ. ಕೀಬೋರ್ಡಿಂದೇ ಆಗಿದ್ದು. ನಾನು ಕೇಳಬೇಕಿತ್ತು." ಎಲ್ಲರೆದುರು ಹೇಳಿದರು, ಇಳಿದನಿಯಲ್ಲಲ್ಲ.

ಮರುದಿನ ಬೆಳಿಗ್ಗೆ ಟೈಪಕ್ಕ ಒಂದೊಂದು ಕಂಪ್ಯೂಟರಿನ ಮುಂದೆ ಕೂತು ತಾನು ಬದಲಾಯಿಸಿದ್ದ ಸೆಟ್ಟಿಂಗ್ಸ್ ಫೈಲಿನ ಇಪ್ಪತ್ತೆರಡು ಸಾಲುಗಳನ್ನು ಹೊಡೆದಳು. ಒಂಬತ್ತು ಪುಟವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಸರ್ವಿಸಿನವನು ಅವಳ ಹಿಂದೆ ಪುಸ್ತಕ ಹಿಡಿದು ಬರೆದುಕೊಳ್ಳುತ್ತ ನಡೆದ. ಕೆಂಪು ಪಟ್ಟಿಯ ಮೇಲೆ ಏನು ಬರೆಯಲಿ ಎಂದು ಪ್ರತಿಯೊಬ್ಬರನ್ನೂ ಕೇಳಿದಳು. ಒಬ್ಬಳು ತನ್ನ ಅತ್ತೆ ಬೈಯುವ ಮಾತನ್ನೇ ಹಾಕಿಸಿಕೊಂಡಳು, ಅದಕ್ಕಾದರೆ ಕೈ ತಾನಾಗಿ ನಿಲ್ಲುತ್ತದೆ ಎಂದು.

ಮಧ್ಯಾಹ್ನ ಸಾಹೇಬರು ಹೊಸ ವರ್ಷದ ಸಿಬ್ಬಂದಿ ಪಟ್ಟಿ ಹಿಡಿದು ನಮ್ಮ ಮೇಜಿಗೆ ಬಂದರು.

"ಮೇಡಂ, ನಿಮ್ಮ ಹುದ್ದೆ ಬದಲಾಯಿಸೋಣ ಅಂತಿದೀನಿ. ಮೇಲ್ವಿಚಾರಕಿ ಅಂತ ಹಾಕ್ಲಾ? ಇಲ್ಲ, ತರಬೇತುದಾರರು ಅಂತ? ಬೇರೆ ಕೋಣೆ ಕೊಡ್ತೀನಿ, ಕಿಟಕಿ ಇರೋದು. ಟೈಪು ಮಾಡೋ ಕಷ್ಟ ಇರಲ್ಲ."

ಟೈಪಕ್ಕ ಸ್ಟ್ಯಾಂಡಿನ ಮೇಲೆ ಮುಂದಿನ ಕಾರ್ಡು ನಿಲ್ಲಿಸಿದಳು. ಹತ್ತು ಬೆರಳನ್ನೂ ಅವುಗಳ ಜಾಗದಲ್ಲಿಟ್ಟಳು.

"ಟೈಪಿಸ್ಟ್ ಅಂತಾನೇ ಬರೀರಿ ಸರ್" ಎಂದಳು. "ದೊಡ್ಡ ಅಕ್ಷರದಲ್ಲಿ."